ಬಿಲ್ಲೆ ಇಡುವುದು, ಬಿಲ್ಲೆ ಕೊಡುವುದು

ಕಂಪನಿಯ ಪತ್ರ ಬಂದದ್ದು ಸೋಮವಾರ ಬೆಳಿಗ್ಗೆ. ನಾನು ಹೈದರಾಬಾದಿನಿಂದ ರಾಯಚೂರಿಗೆ ಬರುವ ರೈಲಿನಲ್ಲಿದ್ದೆ. ಐದು ದಿನ ರಜೆ. ಪತ್ರಕ್ಕೆ ಶುಕ್ರವಾರ ಸಂಜೆ ಐದರೊಳಗೆ ಉತ್ತರ ಕೊಡಬೇಕಿತ್ತು.

ವಿಷಯ ಇಷ್ಟು. ಸಣ್ಣ ಊರುಗಳ ವಿಮಾನ ಮಾರ್ಗಗಳನ್ನೆಲ್ಲ ನಮ್ಮ ಕಂಪನಿ ಇನ್ನೊಂದು ಪ್ರಾದೇಶಿಕ ಕಂಪನಿಗೆ ಗುತ್ತಿಗೆ ಕೊಡುತ್ತದೆ. ವಿಮಾನದ ಮೇಲೆ ನಮ್ಮದೇ ಹೆಸರು, ನಮ್ಮದೇ ಬಣ್ಣ. ಟಿಕೆಟ್ಟೂ ನಮ್ಮದೇ. ಒಳಗೆ ಕೂತು ಹಾರಿಸುವವರು ಮಾತ್ರ ಆ ಕಂಪನಿಯ ನೌಕರರು. ಅರವತ್ತಮೂರು ಜನ ಫಸ್ಟ್ ಆಫೀಸರ್‌ಗಳಿಗೆ, ಅಂದರೆ ಸಹಪೈಲಟ್‌ಗಳಿಗೆ, ಅಲ್ಲಿಗೆ ಹೋಗುವ ಅವಕಾಶ ಕೊಟ್ಟಿದ್ದರು. ಅದರಲ್ಲಿ ನಾನೂ ಒಬ್ಬಳು. ಹೋದವರು ಎಂಟು ತಿಂಗಳಲ್ಲಿ ಕ್ಯಾಪ್ಟನ್. ಪಂಖದ ವಿಮಾನ, ಎಪ್ಪತ್ತು ಸೀಟಿನದು. ಆದರೂ ಎಡಗಡೆಯ ಸೀಟು, ಹೆಗಲ ಮೇಲೆ ನಾಲ್ಕು ಪಟ್ಟಿ. ಹೋಗದವರು ಈಗಿನ ದೊಡ್ಡ ಜೆಟ್ ವಿಮಾನದಲ್ಲೇ, ಬಲಗಡೆಯ ಸೀಟಿನಲ್ಲೇ, ಇನ್ನು ಐದಾರು ವರ್ಷ ಕಾಯಬೇಕು.

ಮೂರನೇ ಪುಟದಲ್ಲಿ ಒಂದು ಸಾಲಿತ್ತು. ಹೋಗುವವರು ತಮ್ಮ ಸೀನಿಯಾರಿಟಿ ನಂಬರನ್ನು ಸ್ವಇಚ್ಛೆಯಿಂದ ಬಿಟ್ಟುಕೊಡತಕ್ಕದ್ದು. ಪೈಲಟ್ ಕೆಲಸಕ್ಕೆ ಸೇರಿದ ದಿನವೇ ಕಂಪನಿ ಈ ನಂಬರು ಕೊಡುತ್ತದೆ. ಮೇಲಿನವರು ನಿವೃತ್ತರಾದಂತೆ, ಬಿಟ್ಟುಹೋದಂತೆ ನಾವು ಮೇಲೇರುತ್ತೇವೆ. ಯಾರಿಗೆ ಯಾವ ಊರಿನ ಡ್ಯೂಟಿ, ಹಬ್ಬಕ್ಕೆ ಯಾರಿಗೆ ರಜೆ, ಮೊದಲು ಯಾರು ಕ್ಯಾಪ್ಟನ್, ಮಂದಿಯನ್ನು ಕಡಿಮೆ ಮಾಡುವಾಗ ಮೊದಲು ಯಾರು ಹೊರಗೆ, ಎಲ್ಲವೂ ನಂಬರಿನ ಮೇಲೆಯೇ. ಏಳು ವರ್ಷಕ್ಕೆ ನನ್ನದು ಆರುನೂರ ಹದಿನಾಲ್ಕಕ್ಕೆ ಬಂದಿತ್ತು. ಆ ಸಾಲನ್ನು ಎರಡು ಸಲ ಓದಿ ಫೋನನ್ನು ಬ್ಯಾಗಿಗೆ ಹಾಕಿದೆ. ಕ್ಯಾಪ್ಟನ್ ಎಂಬ ಶಬ್ದವೇ ತಲೆಯಲ್ಲಿ ಉಳಿಯಿತು.

ರಾಯಚೂರು ಸ್ಟೇಷನ್ನಿಗೆ ಅಣ್ಣ ಕಿರಣಕುಮಾರ ಬೈಕ್ ತಂದಿದ್ದ. ಅವನು ದೇವದುರ್ಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಪತ್ರದ ವಿಷಯ ಫೋನಿನಲ್ಲಿ ಹೇಳಿದ್ದೆ. ನಮ್ಮೂರು ಮಾನ್ವಿಯ ದಾರಿ ಹಿಡಿಯಬೇಕಾದವನು ಬೈಕನ್ನು ಯರಮರಸ್ ಕಡೆಗೆ ತಿರುಗಿಸಿದ.

"ಎಲ್ಲಿಗಣ್ಣಾ?"

"ಸುಮ್ನ ಕುಂದ್ರು."

ವಿಮಾನ ನಿಲ್ದಾಣದ ಕೆಲಸ ನಡೆದಿದ್ದ ಜಾಗದ ಹತ್ತಿರ ನಿಲ್ಲಿಸಿದ. ಮಟ್ಟ ಮಾಡಿದ ನೆಲ, ಟಿಪ್ಪರ್‌ಗಳು, ಧೂಳು. ನೋಡುವಂಥದ್ದೇನೂ ಇರಲಿಲ್ಲ. ಅವನು ಮಾತ್ರ ಹೊಲ ತೋರಿಸುವವನಂತೆ ಕೈ ಚಾಚಿದ.

"ಇಲ್ಲಿಗೆ ನಿಮ್ಮ ದೊಡ್ಡ ವಿಮಾನ ಬರಂಗಿಲ್ಲ. ಪಂಖದ್ದೇ ಬರೋದು. ಮೊದಲ್ನೇದ್ದು ಯಾರ್ ಇಳಸ್ಬೇಕು ಹೇಳು. ದಿಲ್ಲಿಯವ ಬಂದು ಇಳಸ್ಬೇಕೇನ? ಮಾನ್ವಿ ಹಮಾಲ ಪಕೀರಪ್ಪನ ಮಗಳು ಇಳಸ್ಬೇಕು."

ನನ್ನ ಕಣ್ಣು ಆಗಲೇ ರನ್‌ವೇ ಯಾವ ದಿಕ್ಕಿಗೆ ಬರುತ್ತದೆ, ಗಾಳಿ ಯಾವ ಕಡೆಯದು ಎಂದು ನೋಡುತ್ತಿತ್ತು. ಅಣ್ಣ ಅದನ್ನು ಗಮನಿಸಿ ನಕ್ಕ.

ಬುಧವಾರ ಅವನ ಶಾಲೆಯಲ್ಲಿ ನನ್ನ ಭಾಷಣವಿತ್ತು. ಗೇಟಿನ ಮೇಲೆ ಬ್ಯಾನರ್: "ಕ್ಯಾಪ್ಟನ್ ಸಂಘಮಿತ್ರಾ ಅವರಿಗೆ ಸ್ವಾಗತ."

"ಅಣ್ಣಾ, ನಾನು ಕ್ಯಾಪ್ಟನ್ ಅಲ್ಲ. ತಗಸು ಅದನ್ನ."

"ಎಂಟು ತಿಂಗಳು ತಡಿ, ಖರೇನೇ ಆಗ್ತದ. ಬ್ಯಾನರ್ ಒಂದೀಟು ಮುಂದ ಹೋಗ್ಯಾದ, ಅಷ್ಟ."

ಮಕ್ಕಳಿಗೆ ಕೆಲಸದ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊರಡುವ ಮುಂಚೆ ಕುಡಿದಿಲ್ಲವೆಂದು ಮಷೀನಿಗೆ ಊದಿ ತೋರಿಸಬೇಕು. ಒಂದೇ ದಿನ ನಾಲ್ಕು ಸಲ ಏರಿ ನಾಲ್ಕು ಸಲ ಇಳಿಯುವುದುಂಟು. ಕ್ಯಾಪ್ಟನ್ ತಿಂದ ಊಟವನ್ನು ನಾನು ತಿನ್ನುವ ಹಾಗಿಲ್ಲ, ಒಂದೇ ಅಡಿಗೆ ಕೆಟ್ಟು ಇಬ್ಬರೂ ಮಲಗಿಬಿಟ್ಟರೆ ಹಾರಿಸುವವರು ಬೇಕಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆ. ಇಂಜಿನ್ನಿಗೆ ಬೆಂಕಿ ಹತ್ತಿದಂತೆ ಮಾಡಿ, ಈಗ ಇಳಿಸು ಅನ್ನುತ್ತಾರೆ. ನಿದ್ದೆಗೆಟ್ಟವಳು ನನಗೆ ಆಯಾಸವಾಗಿದೆ, ಹಾರಿಸುವುದಿಲ್ಲ ಎಂದು ಹೇಳುವುದೂ ಕೆಲಸದ ಭಾಗವೇ. ಹಾಗೆ ಹೇಳಲು ಹಾರಿಸುವುದಕ್ಕಿಂತ ಹೆಚ್ಚು ಧೈರ್ಯ ಬೇಕಾಗುತ್ತದೆ.

ಗಣಿತದ ಮೇಷ್ಟ್ರು ಅಮರೇಶ ಸರ್ ಎದ್ದುನಿಂತರು. "ಮೇಡಮ್ಮರ, ತಪ್ಪು ತಿಳ್ಕಾಬ್ಯಾಡ್ರಿ. ಹಂಗಾರ ಕ್ಯಾಪ್ಟನ್ ಬ್ಯಾರೆ, ನೀವು ಬಾಜೂಕ ಕುಂದ್ರೋರು. ಲಾರ್ಯಾಗ ಬಾಜೂಕ ಕುಂದ್ರವಂಗ ನಾವು ಕಿಲೀನರ್ ಅಂತೀವಿ."

ಶಾಲೆ ಪೂರ್ತಿ ನಕ್ಕಿತು. ಹೆಡ್‌ಮೇಷ್ಟ್ರೂ ನಕ್ಕರು.

"ಕಿಲೀನರ್ ಗಾಡಿ ಓಡಸಂಗಿಲ್ಲ ಸರ್," ಅಂದೆ. "ನಾವು ಪಾಳಿ ಮ್ಯಾಲ ಓಡಸ್ತೀವಿ. ಭಾನುವಾರ ವಿಶಾಖಪಟ್ಣದಾಗ ಇಳಿಸಿದ್ದು ನಾನ."

"ಆಮ್ಯಾಲ ಸೈ ಯಾರ್ ಹಾಕ್ತಾರ್ರಿ?"

"ಕ್ಯಾಪ್ಟನ್."

"ಹಾಂ," ಎಂದು ಅಮರೇಶ ಸರ್ ಕೂತುಬಿಟ್ಟರು. ಲೆಕ್ಕ ಬಿಡಿಸಿ ಮುಗಿಸಿದವರ ಹಾಗೆ.

ಆ "ಹಾಂ" ನನಗೆ ನಾಟಿತು. ಮಾನ್ವಿಗೆ ಬರುವಾಗ ದಾರಿಯಲ್ಲಿ ಅಣ್ಣನ ಬೆನ್ನಿಗೆ ಹೇಳಿದೆ, "ಒಪ್ಕೊಂಡ್ಬಿಡ್ತೀನಣ್ಣಾ." ಅವನು ತಿರುಗಿ ನೋಡದೆ ಬೈಕಿನ ವೇಗ ಹೆಚ್ಚಿಸಿದ.

ರಾತ್ರಿ ಊಟಕ್ಕೆ ಕೂತಾಗ ಅವ್ವ ದುರುಗಮ್ಮ ಕೇಳಿದಳು, "ಎಡಕ್ಕ ಕುಂತ್ರೇನು, ಬಲಕ್ಕ ಕುಂತ್ರೇನು? ಬಿದ್ರ ಇಬ್ರೂ ಬೀಳ್ತೀರಿ."

"ಊಟದ ಹೊತ್ನ್ಯಾಗ ಆ ಮಾತ್ಯಾಕ ಬೇ," ಎಂದ ಅಣ್ಣ. ಅಪ್ಪ ರೊಟ್ಟಿ ಮುರಿಯುತ್ತಿದ್ದ.

ನಮ್ಮಪ್ಪ ಮಾನ್ವಿ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತೊಂದು ವರ್ಷ ಹಮಾಲಿ ಮಾಡಿದವನು. ಭತ್ತದ ಚೀಲ ಹೊತ್ತೇ ನಮ್ಮಿಬ್ಬರನ್ನೂ ಓದಿಸಿದ. ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿ, ಸರ್ಕಾರದ ಸಹಾಯದಿಂದ ವಿಮಾನ ಕಲಿಯಲು ಹೋದಾಗ, ಅಪ್ಪ ಕೇಳಿದ್ದು ಒಂದೇ, "ಕೆಲಸ ಪರ್ಮನೆಂಟೇನ?" ಈಗ ಚೀಲ ಹೊರುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಯಾರ್ಡಿನ ಎದುರಿನ ಚಹಾದಂಗಡಿಗೆ ಹೋಗುತ್ತಾನೆ. ಅಲ್ಲಿ ಅವನ ಗೆಳೆಯ ದಸ್ತಗೀರ್ ಸಾಬ್ ಇರುತ್ತಾರೆ. ಅವರೂ ಹಮಾಲರೇ ಆಗಿದ್ದವರು. ಗುರುವಾರ ನಾನೂ ಜೊತೆಗೆ ಹೋದೆ.

"ಬರ್ರಿ ಬರ್ರಿ ಕ್ಯಾಪ್ಟನ್ ಸಾಹೇಬ್ರ," ಎಂದು ದಸ್ತಗೀರ್ ಸಾಬ್ ಬೆಂಚಿನ ಮೇಲೆ ಜಾಗ ಬಿಟ್ಟರು. "ಬೇಟಿ, ನಿನ್ನ ವಿಮಾನದಾಗ ನಮ್ಮ ನೂರ್ ಬೀನ ಒಮ್ಮಿ ಕುಂದ್ರಸು. ಮ್ಯಾಲ ಹೋದ ಮ್ಯಾಲಾರ ಬಾಯಿ ಮುಚ್ತಾಳೇನ ನೋಡೂಣು." ನೂರ್ ಬೀ ಅವರ ಹೆಂಡತಿ.

ಅಪ್ಪ ನನ್ನ ಕಡೆ ತಿರುಗಿದ. "ಕಿರಣ ಏನೇನೋ ಹೇಳಿದ. ನೀ ಹೇಳು. ಕಾಗದದಾಗ ಏನದ?"

ಹೇಳಿದೆ. ಮಾರ್ಗಗಳನ್ನು ಗುತ್ತಿಗೆ ಕೊಡುವುದು, ಕ್ಯಾಪ್ಟನ್ ಮಾಡುವುದು, ನಂಬರು ಬಿಡುವುದು. ನಂಬರು ಎಂದ ಕೂಡಲೇ ಅಪ್ಪ ಚಹಾದ ಗ್ಲಾಸು ಕೆಳಗಿಟ್ಟ.

"ನಂಬರಂದ್ರ ಪಾಳಿ ನಂಬರೇನು?"

"ಹಂಗೇ ಅನ್ನು ಯಪ್ಪಾ."

ಯಾರ್ಡಿನಲ್ಲಿ ಪ್ರತಿ ಹಮಾಲನಿಗೂ ಲೈಸೆನ್ಸಿನ ಹಿತ್ತಾಳೆ ಬಿಲ್ಲೆ ಇರುತ್ತಿತ್ತು, ಅದರ ಮೇಲೆ ನಂಬರು. ಲಾರಿ ಬಂದರೆ ನಂಬರಿನ ಪ್ರಕಾರ ಪಾಳಿ. ಗಟ್ಟಿ ಆಳು, ಬಡಕಲು ಆಳು ಎಂದು ಸೇಟ್ ಆರಿಸುವಂತಿಲ್ಲ. ಅಪ್ಪನದು ಹದಿನೇಳು. ಪಾಳಿ ತಪ್ಪಿಸಿ ಒಂದು ಚೀಲವನ್ನೂ ಎತ್ತಿಲ್ಲ, ತನ್ನ ಪಾಳಿಯನ್ನು ಇನ್ನೊಬ್ಬ ಎತ್ತಲು ಬಿಟ್ಟಿಲ್ಲ ಎಂದು ಅವನು ಹೇಳುವುದನ್ನು ಚಿಕ್ಕಂದಿನಿಂದ ಕೇಳಿ ನನಗೆ ಬೇಸರವೇ ಬಂದಿತ್ತು.

"ಒಂದ್ ಮಾತು ಹೇಳು," ಎಂದ ಅಪ್ಪ. "ಬಿಲ್ಲಿ ಇಡೋದೋ, ಕೊಡೋದೋ?"

ನನಗೆ ಅರ್ಥವಾಗಲಿಲ್ಲ.

"ನಾವು ಸುಗ್ಗಿಗೆ ಸಿಂಧನೂರ ಕಡೆ ಹೋಗ್ತಿದ್ವಿ. ಹೋಗಾಗ ಬಿಲ್ಲಿ ಸಂಘದ ಆಫೀಸ್ನ್ಯಾಗ ಇಟ್ಟು ಹೋಗ್ತಿದ್ವಿ. ತಿರುಗಿ ಬಂದ್ರ ಅದೇ ನಂಬರು, ಅದೇ ಪಾಳಿ. ಅದು ಇಡೋದು. ಕೊಡೋದಂದ್ರ ಸೈ ಹಾಕಿ ಕೊಟ್ಟುಬಿಡೋದು. ಅದನ್ನ ಬ್ಯಾರೇದವಂಗ ಹಚ್ತಾರ. ನಿಮ್ಮ ಕಾಗದದಾಗ ಯಾವ್ದದ?"

ನಾನು ಫೋನು ತೆಗೆದು ಮೂರನೇ ಪುಟ ಓದಿದೆ. ನಮ್ಮ ಪೈಲಟ್‌ಗಳ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ದಿನದಿಂದ ಎಂಟುನೂರು ಮೆಸೇಜು ಬಂದಿದ್ದವು. ಸಂಬಳ, ಬಾಂಡು, ಯಾವ ಊರು, ಯಾವ ವಿಮಾನ. ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

"ಕೊಡೋದು ಯಪ್ಪಾ."

"ಆ ಗುತ್ತಿಗಿ ನಾಳೆ ಮುರುದ್ರ?"

"ಆ ಕಂಪನಿನೇ ಇರಂಗಿಲ್ಲ. ನಾವು ತಿರುಗಿ ನಮ್ಮ ಕಂಪನಿಗೆ ಬಂದ್ರ ಕಡೀ ನಂಬರು. ಅದೂ ತಗೊಂಡ್ರ."

ದಸ್ತಗೀರ್ ಸಾಬ್ ಜೋರಾಗಿ ನಕ್ಕರು. "ಪಕೀರಪ್ಪ, ಹೇಳ್ಲೇನ ನಂದು?"

"ಅದನ್ನ ಊರಾಗ ಕೇಳದವ್ರು ಯಾರದಾರ? ಹೇಳು."

"ನಂದು ಹನ್ನೊಂದನೇ ನಂಬರ್ ಬೇಟಿ. ನಿಮ್ಮಪ್ಪಗಿಂತ ಮುಂದ. ಒಂದು ಅಕ್ಕಿ ಮಿಲ್ಲಿನವ ಕರದ. ಬಿಲ್ಲಿ ಕೊಟ್ಟು ಬಾ, ಮೇಸ್ತ್ರಿ ಮಾಡ್ತೀನಿ ಅಂದ. ಕೊಳ್ಳಾಗ ಸೀಟಿ, ಕೈಯಾಗ ಪುಸ್ತಕ. ಮನ್ಯಾಗ ನೂರ್ ಬೀ ನೆರೆಮನಿಯವ್ರಿಗೆಲ್ಲ, ಹಮಾಲ ಅನಬ್ಯಾಡ್ರಿ, ಮೇಸ್ತ್ರಿ ಅನ್ರಿ ಅಂದ್ಳು. ಎರಡು ಸುಗ್ಗಿ ಮೇಸ್ತ್ರಿ. ಮೂರನೇ ಸುಗ್ಗಿಗೆ ಮಿಲ್ ಗುತ್ತಿಗಿ ಬ್ಯಾರೇದವಂಗ ಹೋತು. ಅವ ತನ್ನ ಮೇಸ್ತ್ರಿನ ತಂದ. ನಾ ತಿರುಗಿ ಯಾರ್ಡಿಗೆ ಬಂದ್ರ ನೂರಾ ನಲವತ್ತೆರಡು. ಚೀಲ ಹೆಂಗ್ ಎತ್ತಬೇಕು ಅಂತ ನಾ ಕಲಿಸಿದ ಹುಡುಗ್ರು ಎತ್ತಾಕತ್ತಿದ್ರು, ನಾ ಕುಂತು ನೋಡಾಕತ್ತಿದ್ದೆ." ಬೀಡಿ ಹಚ್ಚಿಕೊಂಡರು. "ಮೇಸ್ತ್ರಿ ಅನ್ನೋದು ಖರೇ ಇತ್ತು, ಸುಳ್ಳಲ್ಲ. ಆ ಎರಡು ವರ್ಷ ಮಜಾ ಇತ್ತು. ಅದನ್ನೂ ಹೇಳ್ಬೇಕಲ್ಲ."

ಅಪ್ಪ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ನಿನ್ನ ಕೆಲಸ ನಿನಗ ಗೊತ್ತು," ಎಂದಷ್ಟೇ ಹೇಳಿ ಇನ್ನೊಂದು ಚಹಾ ಹೇಳಿದ.

ಮಧ್ಯಾಹ್ನ ಕಂಪನಿಗೆ ಫೋನು ಹಚ್ಚಿದೆ. ಸಿಬ್ಬಂದಿ ವಿಭಾಗದ ಹೆಂಗಸು ಮರ್ಯಾದೆಯಿಂದ ಮಾತಾಡಿದಳು. ನನ್ನ ನಂಬರನ್ನು ಇಲ್ಲೇ ಉಳಿಸಿ ನಾನು ಅಲ್ಲಿಗೆ ಹೋಗಬಹುದೇ ಎಂದು ಕೇಳಿದೆ. ಅಂಥ ವ್ಯವಸ್ಥೆ ಇಲ್ಲ ಎಂದಳು. ಯಾಕಿಲ್ಲ ಎಂದೆ. ಯಾರೂ ಕೇಳಿಲ್ಲ ಎಂದಳು. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು. ಅವರು ಇಲ್ಲವೆಂದದ್ದಕ್ಕಲ್ಲ. ಅರವತ್ತಮೂರು ಜನ ಓದಿದವರು, ಕೈಯಲ್ಲಿ ನೂರಾರು ಜೀವ ಇಟ್ಟುಕೊಂಡು ಹಾರಿಸುವವರು, ಒಬ್ಬರೂ ಕೇಳಿಲ್ಲ ಎಂಬುದಕ್ಕೆ. ನನ್ನ ಮೇಲೂ ಸಿಟ್ಟು ಬಂತು. ಆ ಸಾಲನ್ನು ರೈಲಿನಲ್ಲಿ ಎರಡು ಸಲ ಓದಿದವಳು ನಾನು.

ಗುಂಪಿನಲ್ಲಿ ಬರೆದೆ. ನಂಬರು ಇಡುತ್ತೇವೆ, ಕೊಡುವುದಿಲ್ಲ. ಕಂಪನಿ ಅದನ್ನು ನಮಗಾಗಿ ಇಟ್ಟುಕೊಂಡರೆ ಹೋಗುತ್ತೇವೆ, ಇಲ್ಲವಾದರೆ ಇಲ್ಲ. ಇಂಗ್ಲಿಷಿನಲ್ಲಿ ಬರೆದರೂ ಮಾತು ಮಾನ್ವಿಯದೇ. ಕೆಳಗೆ ಬಿಲ್ಲೆಯ ವಿಷಯವನ್ನು ನಾಲ್ಕು ಸಾಲಿನಲ್ಲಿ ವಿವರಿಸಿದೆ. ಮೊದಲ ಉತ್ತರ ಒಬ್ಬ ಪುಣೆಯವನದು: "ಕ್ಯಾಪ್ಟನ್ ಆಗುವುದನ್ನು ಹಮಾಲಿಗೆ ಹೋಲಿಸುತ್ತೀಯಾ?" ಹೌದು ಎಂದೆ. ನಮ್ಮಪ್ಪ ಹಮಾಲ, ನಿನಗಿಂತ ಚೆನ್ನಾಗಿ ಕಾಗದ ಓದಿದ ಎಂದೆ.

ಶುಕ್ರವಾರ ಅಣ್ಣ ದೇವದುರ್ಗದಿಂದ ಬೇಗ ಬಂದ. ನಾನು ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ವಿಷಯ ತಿಳಿದು ಬಾಗಿಲಲ್ಲೇ ನಿಂತ.

"ಯರಮರಸದಾಗ ಬ್ಯಾರೆ ಯಾರೋ ಇಳಸ್ತಾರಲ್ಲ."

"ಇಳಸ್ಲಿ."

"ನಿನಗೇನೂ ಅನಸಂಗಿಲ್ಲೇನ?"

"ಅನಸ್ತದ. ನಿನಗಿಂತ ಜಾಸ್ತಿ ಅನಸ್ತದ. ಆದ್ರ ಇಳಿಸಿದವ್ಳಿಗೆ ಮರುದಿನ ಗುತ್ತಿಗಿ ಮುಗೀತು ಮನಿಗೆ ಹೋಗು ಅಂದ್ರ, ನಿನ್ನ ಬ್ಯಾನರ್ ಏನ್ ಮಾಡ್ತದ ಅಣ್ಣಾ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ಕೂತ. ಸಿಟ್ಟು ಇಳಿದಿರಲಿಲ್ಲ.

ಫಾರ್ಮಿನಲ್ಲಿ ಎರಡೇ ಆಯ್ಕೆ ಇದ್ದವು, ಒಪ್ಪಿದೆ, ಒಪ್ಪಿಲ್ಲ. ಕೆಳಗೆ ಕಾರಣ ಬರೆಯಲು ಸಣ್ಣ ಜಾಗ. ಒಪ್ಪಿಲ್ಲ ಎಂಬುದನ್ನು ಒತ್ತಿ, ಕಾರಣದ ಜಾಗದಲ್ಲಿ ಗುಂಪಿನಲ್ಲಿ ಬರೆದಿದ್ದ ಅದೇ ಎರಡು ಸಾಲು ಬರೆದೆ. ಹೆಸರಿನ ಮುಂದೆ ಫಸ್ಟ್ ಆಫೀಸರ್ ಎಂದು ಪೂರ್ತಿಯಾಗಿ ಬರೆದೆ. ನಾಲ್ಕೂ ನಲವತ್ತಕ್ಕೆ ಕಳಿಸಿದೆ.

ಐದಕ್ಕೆ ಇನ್ನೇನು ಹತ್ತು ನಿಮಿಷ ಇದೆ ಎನ್ನುವಾಗ ಗುಂಪಿನಲ್ಲಿ ಚಿತ್ರಗಳು ಬರತೊಡಗಿದವು. ತಮ್ಮ ತಮ್ಮ ಫಾರ್ಮಿನ ಫೋಟೋ. ಕೊಚ್ಚಿಯವರು, ಲುಧಿಯಾನದವರು, ಗುವಾಹಾಟಿಯವರು, ಕಾರಣದ ಜಾಗದಲ್ಲಿ ಎಲ್ಲರದೂ ಅದೇ ಎರಡು ಸಾಲು. ಅಣ್ಣ ಎದ್ದು ಬಂದು ನನ್ನ ಭುಜದ ಮೇಲಿಂದ ಬಗ್ಗಿ ಒಂದೊಂದೇ ಹೆಸರು ಓದಿದ. ಒಪ್ಪಿಕೊಂಡು ಹೋದವರೂ ಇದ್ದರು. ಅವರನ್ನು ನಾನು ಬೈಯಲಾರೆ. ಕೆಲವರ ವಯಸ್ಸು ನಲವತ್ತು ದಾಟಿತ್ತು.

ಆರು ಗಂಟೆಗೆ ಕಂಪನಿಯಿಂದ ಒಂದು ಸಾಲಿನ ಮೇಲ್ ಬಂತು. ಉತ್ತರ ಕೊಡುವ ದಿನವನ್ನು ಹದಿನೈದು ದಿನ ಮುಂದಕ್ಕೆ ಹಾಕಲಾಗಿದೆ. ಸೀನಿಯಾರಿಟಿ ವಿಷಯ ಪರಿಶೀಲನೆಯಲ್ಲಿದೆ. ಮಾತು ಕೊಟ್ಟಿರಲಿಲ್ಲ. ಆದರೆ ಪತ್ರ ಕಳಿಸಿದ ಸೋಮವಾರ ಆ ವಿಷಯವೇ ಅವರ ಬಾಯಲ್ಲಿರಲಿಲ್ಲ.

ಅಪ್ಪ ಯಾರ್ಡಿನಿಂದ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದ. ಹೇಳಿದೆ.

"ಎಷ್ಟ್ ಮಂದಿ ಕುಂತ್ರು?" ಎಂದು ಕೇಳಿದ. ಚೀಲ ಎತ್ತುವುದಿಲ್ಲ ಎಂದು ಹಮಾಲರು ಕೆಲಸ ನಿಲ್ಲಿಸಿದರೆ ಯಾರ್ಡಿನವರು ಅದಕ್ಕೆ ಕುಂತರು ಅನ್ನುತ್ತಾರೆ.

"ಅರವತ್ತಮೂರರಾಗ ಮೂವತ್ತೆಂಟು."

ಅಪ್ಪ ಟವೆಲಿನಿಂದ ಮುಖ ಒರಸಿಕೊಂಡ. "ಸಾಕು. ಲಾರಿ ಮುಂದ ಹೋಗಂಗಿಲ್ಲ," ಎಂದು, ಅಡಿಗೆ ಮನೆಯಲ್ಲಿದ್ದ ಅವ್ವನಿಗೆ ಕೇಳುವಷ್ಟು ಜೋರಾಗಿ, "ಫಸ್ಟ್ ಆಫೀಸರ್‌ಗೆ ಊಟಕ್ಕ ಹಾಕು, ಮುಂಜಾನಿ ಗಾಡಿಗೆ ಹೋಗೋಳದಾಳ," ಎಂದ.