ಗಾಜು ಕೈಯಲ್ಲಿದ್ದಾಗ

ಕಿಟಕಿಗಳಿಗೆ ಗಾಜು ಕೂರಿಸುವ ಅವನಿಗೆ ಎಲ್ಲರೂ ಇಟ್ಟಿದ್ದ ಹೆಸರು ಗಿಳಿ. ಒಮ್ಮೆ ಕೇಳಿದ ದನಿ ಅವನ ಗಂಟಲಲ್ಲಿ ಬಿಟ್ಟಿ ಬಿಡಾರ ಹೂಡುತ್ತಿತ್ತು. ಮೇಸ್ತ್ರಿಯ ಗೊಗ್ಗರು ಗದರಿಕೆ, ಪಕ್ಕದ ಮನೆಯಾಕೆ ಫೋನಿನಲ್ಲಿ ಎಳೆಯುವ ರಾಗ, ಕೆಟ್ಟ ಲಿಫ್ಟಿನ ನರಳಾಟ, ಯಾವುದು ಕೇಳಿದರೂ ಅವನ ಬಾಯಲ್ಲಿ ಸಿದ್ಧ. ಹೀಗೆ ಊರಿಗೆಲ್ಲ ಪ್ರತಿಧ್ವನಿಯಾಗಿದ್ದವನಿಗೇ ಆಸ್ಪತ್ರೆಯಲ್ಲಿ ಹೃದಯದ ಎಕೋ ಪರೀಕ್ಷೆ ಮಾಡಿಸಬೇಕಾಗಿ ಬಂತು.

ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಕಾಲು ಊದಿ ಬೂಟು ಬಿಗಿ. ಇಷ್ಟಕ್ಕೇನಂತೆ ಎಂದುಕೊಂಡೇ ಹೋಗಿದ್ದ. ಡಾಕ್ಟರಮ್ಮ ಮಾತ್ರ ನಗದೆ ವಿವರಿಸಿದರು. ಹೃದಯದ ಸ್ನಾಯು ಸೊರಗಿದೆ, ಹೃದಯ ಹಿಗ್ಗಿದೆ, ರಕ್ತವನ್ನು ತಳ್ಳಬೇಕಾದಷ್ಟು ಜೋರಾಗಿ ತಳ್ಳುತ್ತಿಲ್ಲ.

ಸಂಜೆ ಊಟದ ಮೇಜಿನ ಹತ್ತಿರ ಹೆಂಡತಿ, ಅವಳ ತಮ್ಮ ಇಬ್ಬರೂ ಕಾದು ಕೂತಿದ್ದರು. ಆ ತಮ್ಮನೇ ಕೆಲಸದಲ್ಲಿ ಅವನ ಜೋಡಿ. ಹನ್ನೆರಡು ವರ್ಷದಿಂದ ಗಾಜಿನ ಒಂದು ತುದಿ ಇವನದು, ಇನ್ನೊಂದು ತುದಿ ಅವನದು. ಗಿಳಿ ಹೆಂಡತಿಯ ಕನ್ನಡಕ ಕಸಿದು ಮೂಗಿನ ತುದಿಗೆ ಏರಿಸಿಕೊಂಡ.

“ನೋಡಿ, ನಿಮ್ಮ ಹಾರ್ಟು ದೊಡ್ಡದಾಗಿದೆ,” ಎಂದ, ಥೇಟ್ ಡಾಕ್ಟರಮ್ಮನ ದನಿಯಲ್ಲಿ.

“ದೊಡ್ಡದಂತೆ! ನಮ್ಮ ಕಡೆಯವರು ಬಂದಾಗ ಅದನ್ನ ಎಲ್ಲಿ ಬಚ್ಚಿಡ್ತೀರೋ!” ಎಂದಳು ಹೆಂಡತಿ.

“ನಾನು ಬಂದು ಕೂತಿಲ್ವಾ ಅಕ್ಕ? ಜಾಗ ಇದೆ ಬಿಡು,” ಎಂದ ತಮ್ಮ.

“ಭಾರ ಎತ್ತಬಾರದು. ಉಪ್ಪು ಕಮ್ಮಿ. ದಿನಾ ಬೆಳಿಗ್ಗೆ ತೂಕ ನೋಡ್ಕೋಬೇಕು,” ಎಂದ ಗಿಳಿ, ಅದೇ ದನಿಯಲ್ಲಿ.

“ಭಾರ ಎತ್ತಬಾರದಾ? ಮನೇಲಿ ತಿಂದ ತಟ್ಟೆ ಎತ್ತಿದ್ದನ್ನೇ ನಾನು ನೋಡಿಲ್ಲ!” ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಸಾಕು, ನಿಜ ಹೇಳಿ. ಏನಂದ್ರು?”

ಬಾಯಿ ತೆರೆದ. ಸ್ವಂತ ದನಿ ಬರಲಿಲ್ಲ. “ಮಾತ್ರೆ ಬರ್ದಿದೀನಿ, ತಪ್ಪಿಸಬೇಡಿ,” ಎಂದು ಮತ್ತೆ ಡಾಕ್ಟರಮ್ಮನೇ ಹೇಳಿದರು. ಇಬ್ಬರೂ ಮತ್ತೆ ನಕ್ಕು ಎದ್ದರು. ಸತ್ಯವನ್ನೆಲ್ಲ ಒಂದಕ್ಷರ ಬಿಡದೆ ಹೇಳಿ ಮುಗಿಸಿದ್ದ, ಒಬ್ಬರೂ ನಂಬಿರಲಿಲ್ಲ.

ಮರುದಿನ ಮೂರನೇ ಮಹಡಿಯ ಕಚೇರಿಯೊಂದಕ್ಕೆ ಆಳೆತ್ತರದ ಗಾಜು ಏರಿಸಬೇಕಿತ್ತು. ಲಿಫ್ಟಿನಲ್ಲಿ ಅದು ಹಿಡಿಸಲಿಲ್ಲ. ಬಾಮೈದ ಮೇಲಿನ ತುದಿ ಹಿಡಿದ, ಗಿಳಿ ಎಂದಿನಂತೆ ಭಾರದ ಕೆಳತುದಿಗೆ ನಿಂತ. ಈ ಕೆಲಸಕ್ಕೆ ಅವನೇ ಕಲಿಸಿದ್ದ ನಿಯಮಗಳು ಎರಡು. ಗಾಜು ಕೈಯಲ್ಲಿದ್ದಾಗ ತಮಾಷೆ ಇಲ್ಲ. ಹಿಂದೊಮ್ಮೆ ಜೊತೆಗಾರನನ್ನು ನಗಿಸಲು ಹೋಗಿ ಪಡೆದ ಗಾಯದ ಗೆರೆ ಇನ್ನೂ ಅವನ ಮುಂಗೈ ಮೇಲಿತ್ತು. ಎರಡನೆಯದು, ಒಬ್ಬ “ಇಡು” ಅಂದರೆ ಇನ್ನೊಬ್ಬ ಯಾಕೆಂದು ಕೇಳದೆ ಇಡಬೇಕು.

ಮೊದಲ ಮಹಡಿ ಹೇಗೋ ದಾಟಿತು. ಎರಡನೆಯದರ ತಿರುವಿನಲ್ಲಿ ಉಸಿರು ಎದೆಯ ಅರ್ಧಕ್ಕೇ ನಿಂತುಬಿಟ್ಟಿತು. ಬಾಯಿ ಬಿಟ್ಟರೆ ಕೆಲಸ ಹೋಯಿತು. ಭಾರ ಎತ್ತಲಾರದವನನ್ನು ಗಾಜಿನ ಕೆಲಸಕ್ಕೆ ಯಾರು ಕರೆಯುತ್ತಾರೆ? ಬಾಯಿ ಬಿಡದಿದ್ದರೆ ಗಾಜು ಜಾರಿ ಬಾಮೈದನ ಕಾಲೂ ಹೋದೀತು.

“ಇಡು,” ಎಂದ.

ಗೋಣಿಪಟ್ಟಿಯ ಮೇಲೆ ಇಳಿಸಿ ಗೋಡೆಗೆ ಒರಗಿಸಿದರು. ಬಾಮೈದ ಯಾಕೆಂದು ಕೇಳಲಿಲ್ಲ. ಗಿಳಿ ಎರಡು ಕೈಗಳನ್ನೂ ಗಾಜಿನ ಮೇಲೆಯೇ ಇಟ್ಟುಕೊಂಡು ಸುಧಾರಿಸಿಕೊಂಡ.

“ನಿನ್ನೆ ಹೇಳಿದ್ದೆಲ್ಲ ನಿಜ ಕಣೋ.”

ಬಾಮೈದ ನಗಲು ಹೊರಟವನು ಗಾಜಿನ ಮೇಲಿದ್ದ ಆ ಕೈಗಳನ್ನು ನೋಡಿದ. ನಗು ಅಲ್ಲೇ ಇಂಗಿತು.

“ಅಷ್ಟೂನಾ ಭಾವ?”

“ಅಷ್ಟೂ.”

“ಉಪ್ಪೂನಾ?”

“ಉಪ್ಪೂ.”

“ಕೈ ತೆಗೀರಿ,” ಎಂದ ಬಾಮೈದ. ಕೆಳಗೆ ಗೋಡೆಗೆ ಬಣ್ಣ ಬಳಿಯುತ್ತಿದ್ದವನನ್ನು ಕೂಗಿ ಕರೆದ. ಅವರಿಬ್ಬರೂ ಗಾಜು ಹೊತ್ತರು. ಗಿಳಿ ಹತ್ತು ಮೆಟ್ಟಿಲಿಗೊಮ್ಮೆ ನಿಂತು ಹಿಂದಿನಿಂದ ಬಂದ. ಬರುವಷ್ಟರಲ್ಲಿ ಮೇಲೆ ರಾದ್ಧಾಂತ ಶುರುವಾಗಿತ್ತು. ಗಾಜು ಚೌಕಟ್ಟಿನೊಳಗೆ ಹೋಗುತ್ತಿಲ್ಲ, ಬಣ್ಣದವನು ಬಡಿಯೋಣ ಎನ್ನುತ್ತಿದ್ದಾನೆ. ಗಿಳಿ ಚೌಕಟ್ಟನ್ನು ಮೂಲೆಯಿಂದ ಎದುರು ಮೂಲೆಗೆ, ಕರ್ಣಕ್ಕೆ ಕರ್ಣ ಅಳೆದ. ಎಡಗಡೆಯ ಕೆಳಮೂಲೆ ಎರಡು ಎಳೆ ದಾರದಷ್ಟು ಇಳಿದಿತ್ತು. ಚೌಕಟ್ಟಿನಡಿ ತೆಳು ಮರದ ಚಕ್ಕೆ ಕೊಟ್ಟು, “ಈಗ ಮೆಲ್ಲಗೆ,” ಎಂದ. ಗಾಜು ಸದ್ದಿಲ್ಲದೆ ಒಳಗೆ ಕೂತಿತು.

“ನೋಡಿದ್ರಾ? ಎತ್ತೋಕೆ ಕತ್ತೆ ಸಾಕು ಭಾವ, ಕೂರಿಸೋಕೆ ನೀವೇ ಬೇಕು.”

“ಕತ್ತೆ ಎಲ್ಲಿ ಸಿಗುತ್ತೋ?”

“ಯಾಕೆ, ನಾನಿಲ್ವಾ?”

ಇಳಿಯುವಾಗ ಬಾಮೈದ ಹೇಳಿದ. “ಅಕ್ಕನಿಗೆ ಹೇಳಿ.”

“ನಿನ್ನೆ ಹೇಳಿದೆನಲ್ಲೋ, ನಿನ್ನೆದುರಿಗೇ.”

“ಅದು ಡಾಕ್ಟರಮ್ಮ ಹೇಳಿದ್ದು. ನೀವು ಹೇಳಿ.”

ಊರವರ ಮನೆಗೆಲ್ಲ ಗಾಜು ಕೂರಿಸುವವನ ಸ್ವಂತ ಮನೆಯಲ್ಲಿ ಪುಟ್ಟ ಕನ್ನಡಿಯೊಂದು ನಾಲ್ಕು ತಿಂಗಳಿಂದ ಬಾಗಿಲ ಹಿಂದೆ ಬಿದ್ದಿತ್ತು. ಅವತ್ತು ಸಂಜೆ ಅದನ್ನು ಹೊರತೆಗೆದು ಹೆಂಡತಿಯನ್ನು ಕರೆದ. “ಆ ಕಡೆ ಸ್ವಲ್ಪ ಹಿಡ್ಕೋ ಬಾರೇ.”

“ಕೊನೆಗೂ ನೆನಪಾಯ್ತಾ?” ಎನ್ನುತ್ತ ಹಿಡಿದಳು. ಗಾಜಿನ ನಿಯಮ ಅವಳಿಗೂ ಗೊತ್ತು.

“ನಿನ್ನೆ ನಾನು ಆಡಿದ್ದು ತಮಾಷೆ ಅಲ್ಲ.”

ಅವಳ ಬೆರಳುಗಳು ಬಿಗಿದವು. ಅವನು ನಿಲ್ಲಿಸದೆ ಹೇಳಿದ. ಸ್ನಾಯು ಸೊರಗಿರುವುದು, ಮಾತ್ರೆಯಿಂದ ಎಷ್ಟೋ ಜನರಿಗೆ ಮೇಲಾಗಿರುವುದು, ತನಗೂ ಆಗಬಹುದು ಎಂದು ಡಾಕ್ಟರಮ್ಮ ಅಂದಿರುವುದು, ಖಂಡಿತ ಎಂದು ಮಾತ್ರ ಹೇಳದಿರುವುದು, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ.

“ಇಡಿ,” ಎಂದಳು.

ಇಟ್ಟರು. ಅವನು ಯಾಕೆಂದು ಕೇಳಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

“ಇನ್ನೊಂದ್ಸಲ ಹೇಳಿ. ನಿಧಾನಕ್ಕೆ.”

ಇನ್ನೊಮ್ಮೆ ಹೇಳಿದ. ಅಷ್ಟುದ್ದದ ಮಾತನ್ನು ತನ್ನದೇ ದನಿಯಲ್ಲಿ ಆಡಿ ಎಷ್ಟು ಕಾಲವಾಗಿತ್ತೋ, ನಡುವೆ ಎರಡು ಸಲ ಕೆಮ್ಮಬೇಕಾಯಿತು.

ಅವಳು ಸೀದಾ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿಯನ್ನು ಮೇಲಿನ ಗೂಡಿಗೆ ಸೇರಿಸಿದಳು. ಅವನ ಎತ್ತರ ನೆನಪಾಗಿ ಕೆಳಗಿಳಿಸಿದಳು. ಕಡೆಗೆ ಅವನು ಜನ್ಮದಲ್ಲಿ ಕೈ ಹಾಕದ ಜಾಗ ಹೊಳೆದು, ಪಾತ್ರೆ ತೊಳೆಯುವ ಸೋಪಿನ ಹಿಂದೆ ಬಚ್ಚಿಟ್ಟಳು. ಆಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಂದಳು.

“ನೋಡಿ, ನಾಳೆಯಿಂದ ಬೆಳಿಗ್ಗೆ ವಾಕಿಂಗು. ನಾನೂ ಬರ್ತೀನಿ.”

ಅನುಕರಣೆ ತೀರಾ ಕೆಟ್ಟದಾಗಿತ್ತು. ಡಾಕ್ಟರಮ್ಮನಿಗೆ ನೆಗಡಿಯಾದರೂ ಆ ದನಿ ಬರಲಾರದು. ಗಿಳಿಗೆ ನಗು ಉಕ್ಕಿತು, ನಗುತ್ತ ಉಸಿರು ಸಿಕ್ಕಿಕೊಂಡಿತು. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಇಬ್ಬರೂ ಕಾದರು. ಉಸಿರು ತಿರುಗಿ ಬಂತು.

“ಕನ್ನಡಿ?” ಎಂದ.

“ಎಲ್ಲಿಗೆ ಅಂತ ಗುರುತು ಹಾಕಿ. ಎತ್ತಿ ಹಿಡಿಯೋದು ನಾನು.”

ಗಿಳಿ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಅವಳ ಮುಖದ ಎತ್ತರ ನೋಡಿಕೊಂಡು ಗೋಡೆಯ ಮೇಲೆ ಗೆರೆ ಎಳೆದ.