ಖಾರ ಕುಡಿದ ತೆರೆ

ನಾನು ಒಂದು ತೆರೆ. ಕಿಟಕಿಗೆ ಹಾಕುವ ಪರದೆಯಲ್ಲ ಮಹರಾಯರೇ, ಸಿನಿಮಾ ತೆರೆ! ಈಗಿನ ನನ್ನ ಮೈಬಣ್ಣ ನೋಡಿದರೆ ನೀವು ನಂಬುವುದು ಕಷ್ಟ. ಅಂಚೆಲ್ಲ ಕೆಂಪು, ನಡುವೆ ನಸುಗೆಂಪು, ಮೂಲೆಯಲ್ಲಿ ತೇಪೆ. ಹುಟ್ಟಿದಾಗ ಮಾತ್ರ ಹಾಲಿನಷ್ಟು ಬೆಳ್ಳಗಿದ್ದೆ. ಗುಳೇದಗುಡ್ಡದ ಮಗ್ಗದಲ್ಲಿ ದಪ್ಪ ಹತ್ತಿನೂಲಿನಿಂದ ನನ್ನನ್ನು ನೇಯ್ದರು. ಹುಬ್ಬಳ್ಳಿಯ ದರ್ಜಿ ಬಟ್ಟೆಯ ಪಟ್ಟಿಗಳನ್ನೆಲ್ಲ ಜೋಡಿಸಿ ಹೊಲಿಯುತ್ತ, "ಇಷ್ಟ ದೊಡ್ಡ ಧೋತರ ಯಾವ ರಾಕ್ಷಸ ಉಡ್ತಾನ್ರೀ?" ಎಂದು ಕೇಳಿದ. ಮಾಡಿಸಿದ ಗುರುಪಾದಪ್ಪ ನಕ್ಕು, "ನೀ ಸುಮ್ನ ಹೊಲಿಯೋ ಮಾರಾಯಾ" ಎಂದ.

ಗುರುಪಾದಪ್ಪನದು ಊರೂರು ತಿರುಗುವ ಟೆಂಟ್ ಸಿನಿಮಾ. ಸವಣೂರು, ಲಕ್ಷ್ಮೇಶ್ವರ, ಬ್ಯಾಡಗಿ, ಎಲ್ಲಿ ಹೋದರೂ ನನ್ನದೇ ದರ್ಬಾರು. ಟೆಂಟಿನ ನಟ್ಟನಡುವೆ ನನ್ನನ್ನು ಕಟ್ಟುತ್ತಿದ್ದರು. ಮುಂದೆ ಗಂಡಸರು, ಹಿಂದೆ ಹೆಂಗಸರು. ಆಟಕ್ಕೆ ಮುಂಚೆ ಇಬ್ಬರು ಏಣಿ ಹತ್ತಿ ಕೊಡಗಟ್ಟಲೆ ನೀರನ್ನು ನನ್ನ ತಲೆಯ ಮೇಲೆ ಸುರಿಯುತ್ತಿದ್ದರು. ಒಣಗಿದ್ದರೆ ನಾನು ಗೋಡೆಯಿದ್ದ ಹಾಗೆ, ಬೆಳಕು ಆಚೆ ಹೋಗದು. ನೆನೆದರೆ ಬೆಳಕು ನನ್ನೊಳಗಿಂದ ತೂರಿ ಹಿಂದಿನವರಿಗೂ ಚಿತ್ರ ಕಾಣುತ್ತಿತ್ತು. ಆದರೆ ತಿರುಗಾಮುರುಗಾ! ಮುಂದಿನವರಿಗೆ ಬಲಗೈಯಲ್ಲಿ ಕತ್ತಿ ಬೀಸುವ ನಾಯಕ ಹಿಂದಿನವರಿಗೆ ಎಡಚ.

ಬ್ಯಾಡಗಿಯಲ್ಲಿ ಹಿಂದಿನ ಬದಿಯ ಖಾಯಂ ಗಿರಾಕಿ ಎಂದರೆ ನೀಲವ್ವ, ಆಗಿನ್ನೂ ಹೊಸ ಸೊಸೆ. ಮುಂದಿನ ಬದಿಯಲ್ಲಿ ಅವಳ ಗಂಡ ಫಕ್ಕೀರಪ್ಪ. ಆಟ ಮುಗಿದೊಡನೆ ಅವನು ನನ್ನನ್ನು ಕಟ್ಟಿದ ಕಂಬದ ಹತ್ತಿರ ಬಂದು ಬಲಗೈ ಎತ್ತಿ ಕರೆಯುವನು: "ಏ ನೀಲಾ, ಬಾ, ಮನೀಗಿ ಹೋಗೂಣು." ಅವಳದು ಒಂದೇ ಉತ್ತರ: "ತಡೀರಿ, ಇನ್ನೂ ಮುಗದಿಲ್ಲ." ನನ್ನ ಮೇಲೆ ಆಗ ಚಿತ್ರವೇನೂ ಇರುತ್ತಿರಲಿಲ್ಲ, ಬರೀ ಬೆಳಕು. ಆ ಬೆಳಕೂ ಆರುವ ತನಕ ಅವಳು ಏಳುವವಳಲ್ಲ. ಆಮೇಲೆ ದಾರಿಯುದ್ದಕ್ಕೂ ಇಬ್ಬರಿಗೂ ಜಗಳ, ನಾಯಕ ಹೊಡೆದದ್ದು ಯಾವ ಕೈಯಲ್ಲಿ ಎಂದು. ಕೇಳಲು ನನಗೆ ಬಲು ಖುಷಿ.

ಮನೆಮನೆಗೆ ಟೀವಿ ಬಂತು, ಟೆಂಟ್ ಸಿನಿಮಾ ಮುಚ್ಚಿತು. ಗುರುಪಾದಪ್ಪ ನನ್ನನ್ನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಅಂದಾನೆಪ್ಪನಿಗೆ ಕೊಟ್ಟುಬಿಟ್ಟ. ಎಲ್ಲಿಂದ ಎಲ್ಲಿಗೆ ಬಂತಪ್ಪಾ ನನ್ನ ಬಾಳು! ರಾಜರಾಣಿಯರನ್ನು ಕುಣಿಸಿದ ಮೈಮೇಲೆ ಈಗ ಮೆಣಸಿನಕಾಯಿ ರಾಶಿ. ಹಗಲು ಹಾಸುವರು, ಸಂಜೆ ಹೊದಿಸುವರು. ವರ್ಷಾನುಗಟ್ಟಲೆ ಖಾರ ಕುಡಿದು ಕುಡಿದು ಕೆಂಪಗಾದೆ. ನನ್ನನ್ನು ಕೊಡವಿದವರೆಲ್ಲ ಸೀನುತ್ತ ಶಾಪ ಹಾಕುವರು. ಗುರುತು ಹಿಡಿದವನು ಒಬ್ಬನೇ, ಅಲ್ಲಿ ಹಮಾಲಿಗೆ ಬಂದ ಫಕ್ಕೀರಪ್ಪ. ಹಗ್ಗ ಪೋಣಿಸಲು ನನ್ನ ಅಂಚಿಗೆ ಹಾಕಿದ್ದ ಹಿತ್ತಾಳೆ ಬಳೆಗಳನ್ನು ಮುಟ್ಟಿ, "ಅಯ್ಯ ನಿನ್ನ! ನೀ ಇಲ್ಲಿ ಅದೀಯೇನ?" ಎಂದ. ನನಗೆ ಅಳುವೇ ಬಂತು.

ಅವನು ಮುದುಕನಾದ ಮೇಲೆ ಈ ಸುದ್ದಿಯನ್ನು ಮೊಮ್ಮಗಳು ಕಸ್ತೂರಿಗೆ ಹೇಳಿದನಂತೆ. ಕಸ್ತೂರಿ ಮೊಬೈಲಿನಲ್ಲೇ ಸಿನಿಮಾ ಮಾಡುವ ಹುಡುಗಿ. ಅಜ್ಜನ ಹಿಂದೆ ಮುಂದೆ ತಿರುಗಿ ಅವನ ನಡಿಗೆ, ಮಾತು, ನಗು ಎಲ್ಲ ಹಿಡಿದಿಟ್ಟಿದ್ದಳು. ಆಮೇಲೆ ಅಜ್ಜ ಹೋಗಿಬಿಟ್ಟ. ಆಗ ನೀಲವ್ವ ಕಾಲು ಮುರಿದುಕೊಂಡು ಹುಬ್ಬಳ್ಳಿಯ ದವಾಖಾನೆಯಲ್ಲಿದ್ದಳು. ಗಂಡನ ಮುಖ ಕೊನೆಗೂ ನೋಡಲಾಗಲಿಲ್ಲ.

ಒಂದು ದಿನ ಕಸ್ತೂರಿ ಬಂದು ನನ್ನನ್ನು ಅಂದಾನೆಪ್ಪನಿಂದ ಬೇಡಿ ತಂದಳು. "ಹುಬ್ಬಳ್ಳ್ಯಾಗ ವರ್ಷಕ್ಕೊಮ್ಮೆ ಚಿತ್ರೋತ್ಸವ ಆಗತೈತ್ರಿ, ಅಲ್ಲಿಗೆ ಬೇಕು" ಎಂದಳು. ಅಂದಾನೆಪ್ಪ, "ಇದನ್ನ ಒಯ್ದು ಯಾರ ಕಣ್ಣಾಗ ಖಾರ ಹಾಕ್ತೀಯವಾ?" ಎಂದು ನಕ್ಕ. ಅವನ ಬಾಯಿಗೆ ಸಕ್ಕರೆ ಹಾಕಬೇಕು, ಹಾಗೇ ಆಯಿತು!

ಆ ಉತ್ಸವವೋ, ಏನು ಹೇಳಲಿ! ಹಳೆಯ ಹತ್ತಿ ಗಿರಣಿಯೊಂದರ ತುಂಬ ಬೆಳಕು, ತಂತಿ, ಗದ್ದಲ. ದೊಡ್ಡ ಕಂಪನಿಗಳ ಸಿನಿಮಾ ಒಂದೂ ಇಲ್ಲ. ಎಲ್ಲ ತಮ್ಮ ಕೈಯಾರೆ ಮಾಡಿಕೊಂಡು ಬಂದವರದೇ. ಒಂದು ಮೂಲೆಯಲ್ಲಿ ಕಣ್ಣಿಗೆ ಡಬ್ಬಿಯಂಥ ಕನ್ನಡಕ ಹಾಕಿಕೊಂಡ ಗೌಡರೊಬ್ಬರು ಇಲ್ಲದ ನದಿ ದಾಟಲು ಧೋತರ ಎತ್ತಿ ಹಿಡಿದಿದ್ದರು. ಇನ್ನೊಂದು ಕಡೆ ನೋಡುವವರು ನಕ್ಕರೆ ಒಂದು ದಾರಿ, ಅತ್ತರೆ ಇನ್ನೊಂದು ದಾರಿ ಹಿಡಿಯುವ ಸಿನಿಮಾ. ತಲೆಯ ಮೇಲೆ ಡ್ರೋನು ಗುಂಯ್‌ಗುಡುತ್ತಿತ್ತು. ನನಗಂತೂ ಮತ್ತೆ ಹರೆಯ ಬಂದ ಹಾಗಾಯಿತು.

ಈ ಉತ್ಸವದವರು ಕಸ್ತೂರಿಯ ಚಿತ್ರಗಳನ್ನು ಎರಡು ಸಲ "ಇದರಲ್ಲಿ ಹೊಸದೇನಿದೆ?" ಎಂದು ಹಿಂದಕ್ಕೆ ಕಳಿಸಿದ್ದರು. ಈ ಸಲ ಅವಳು ಹೇಳಿದ ಉಪಾಯ ಕೇಳಿ ಕಣ್ಣರಳಿಸಿದ್ದರು. ನನ್ನ ಎರಡೂ ಕಡೆ ಒಂದೊಂದು ಪ್ರೊಜೆಕ್ಟರ್. ಮುಂದಿನ ಮೈಮೇಲೆ ಅಜ್ಜನ ದಿನಚರಿ, ಹಿಂದಿನ ಮೈಮೇಲೆ ಆಮೇಲೆ ಹಿಡಿದಿಟ್ಟ ಆಯಿ ನೀಲವ್ವನ ದಿನಚರಿ. ಎರಡನ್ನೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಸಲು ಒಂದು ಕಂಪ್ಯೂಟರ್, ಅದನ್ನು ನೋಡಿಕೊಳ್ಳಲು ಅವಳ ಗೆಳೆಯ ದಾದಾಪೀರ. ಕೊನೆಯಲ್ಲಿ ಮೇಲಿನ ಪೈಪಿನಿಂದ ನೀರು ಸುರಿಯಬೇಕು, ನಾನು ನೆನೆಯಬೇಕು, ಎರಡು ಚಿತ್ರವೂ ಒಂದಾಗಬೇಕು. ಇರುವುದು ಒಂದೇ ಆಟ. ಆಚೆ ಬದಿಯಲ್ಲಿ ಅಜ್ಜ ಇದ್ದಾನೆಂದು ನೀಲವ್ವನಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಒಂದು ಸಲ ನೀರು ಬಿಟ್ಟು ನೋಡಿದರು. ಅಯ್ಯೋ ನನ್ನ ಕರ್ಮವೇ! ಕೆಸುವಿನ ಎಲೆಯ ಮೇಲೆ ಸುರಿದ ಹಾಗೆ ನೀರೆಲ್ಲ ಜಾರಿ ಕೆಳಗೆ ಬಿತ್ತು. ನಾನು ಒಂದು ಹನಿಯನ್ನೂ ಕುಡಿಯಲಿಲ್ಲ. ಕುಡಿಯಬೇಕೆಂದು ಎಷ್ಟು ಒದ್ದಾಡಿದೆನೋ ನನಗೇ ಗೊತ್ತು.

ದಾದಾಪೀರ ಮೆಲ್ಲಗೆ ಹೇಳಿದ: "ಬಿಡಽ ಕಸ್ತೂರಿ. ಕಂಪ್ಯೂಟರ್‌ನಾಗ ಎರಡೂ ಕೂಡಿಸಿ ಹಾಕ್ತೀನಿ. ಯಾರಿಗೂ ಗೊತ್ತಾಗೂದಿಲ್ಲ."

"ಹಂಗ ಕೂಡಿಸೂದಾದ್ರ ಮೊಬೈಲ್ ಆಯಿ ಕೈಯಾಗ ಕೊಡ್ತಿದ್ನೆಲ್ಲೋ! ಅಜ್ಜ ತೆರೀ ಆಚಿ ಕಡಿಂದನ ಬರಬೇಕು" ಎಂದ ಕಸ್ತೂರಿಗೆ ಅಳು ಒತ್ತಿ ಬಂತು. ನನ್ನನ್ನು ಮುಟ್ಟಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

ಮುಗೀತು! "ಯವ್ವಾ, ಸತ್ತೆ!" ಎಂದು ಕಿರುಚಿದಳು. ದಾದಾಪೀರ ನೀರು ತಂದು ಎರಚಿದ. ಎಷ್ಟು ಎರಚಿದರೂ ಬೆರಳಿನ ಜಿಡ್ಡು ಹೋಗಲಿಲ್ಲ. ಕಸ್ತೂರಿ ಒಂದೇ ಕಣ್ಣಿನಿಂದ ಬೆರಳನ್ನೇ ನೋಡಿದಳು, ಮೂಸಿದಳು, ಆಮೇಲೆ ಜಿಗಿದಳು. "ಎಣ್ಣಿ! ಮೆಣಸಿನಕಾಯಿ ಎಣ್ಣಿ ಕುಡದೈತಲೇ ಇದು! ಎಣ್ಣಿ ಹಚ್ಚಿದ ತಲಿಗೆ ಬರೇ ನೀರ ಸುರದ್ರ ಏನಾಗತೈತಿ? ಸೀಗೀಕಾಯಿ ತರ್ರೋ!"

ಆಮೇಲೆ ನಡೆದ ಅಭ್ಯಂಜನವನ್ನು ನಾನು ಸಾಯುವ ತನಕ ಮರೆಯಲಾರೆ. ಗಿರಣಿಯ ಅಂಗಳದಲ್ಲಿ ನನ್ನನ್ನು ಹಾಸಿದರು. ಸೀಗೆಪುಡಿ, ಕಡಲೆಹಿಟ್ಟು, ಕಾಯಿಸಿದ ನೀರು ಬಂತು. ನಿರ್ದೇಶಕರು, ಕ್ಯಾಮೆರಾದವರು, ಕಂಪ್ಯೂಟರಿನವರು ಎಲ್ಲರೂ ಪ್ಯಾಂಟು ಮಡಚಿ ನನ್ನ ಮೇಲೆ ಕುಣಿದು ತುಳಿದರು. ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಮೂಗಲ್ಲೂ ಸೀನು! ನೀರು ಕೆಂಪಗೆ ಹರಿಯಿತು, ತಿಳಿಯಾಯಿತು. ಈಗ ಒಣಗುವುದು ಹೇಗೆ? ಒದ್ದೆಯಾಗಿದ್ದರೆ ಶುರುವಿನಲ್ಲೇ ಗುಟ್ಟು ರಟ್ಟು. ಪ್ರದರ್ಶನಕ್ಕೆಂದು ತಂದಿದ್ದ, ಸಿನಿಮಾದಲ್ಲಿ ಬಿರುಗಾಳಿ ಎಬ್ಬಿಸುವ ಭಾರೀ ಫ್ಯಾನನ್ನು ದಾದಾಪೀರ ನನ್ನ ಕಡೆ ತಿರುಗಿಸಿದ. ಸಂಜೆಗೆ ನಾನು ಗರಿಗರಿ.

ಜನ ತುಂಬಿತು. ಗುಟ್ಟು ತಿಳಿಯದ ಉತ್ಸವದ ಹುಡುಗರು ಆಯಿಗಾಗಿ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರು. ನೀಲವ್ವ ಕೋಲೂರಿಕೊಂಡು ಅದನ್ನು ದಾಟಿ ಸೀದಾ ನನ್ನ ಹಿಂದೆ ಹೋದಳು. "ಅದು ಗಂಡಸರ ಕಡೀ ಐತಿ. ನನ್ನ ಜಾಗ ಇದು" ಎಂದಳು. ನನ್ನ ಲೆಕ್ಕವೂ ಅದೇ ಆಗಿತ್ತು.

ಆಟ ಶುರುವಾಯಿತು. ಹಿಂದೆ ನೀಲವ್ವ ತಾನೇ ರೊಟ್ಟಿ ಬಡಿಯುವುದನ್ನು, ತಾನೇ ಅಂಗಳ ಗುಡಿಸುವುದನ್ನು ನೋಡಿ, "ಇದೇನ ಸಿನಿಮಾನಽ? ದಿನಾ ಮಾಡೂದನ ಮಾಡಾಕತ್ತೀನಿ" ಎಂದು ನಗಿಸಿದಳು. ಮುಂದಿನವರು ಫಕ್ಕೀರಪ್ಪ ಚೀಲ ಹೊರುವುದನ್ನು, ಬೀಡಿ ಹಚ್ಚುವುದನ್ನು ನೋಡುತ್ತಿದ್ದರು. ಹಿಂದಿನ ಚಿತ್ರದಲ್ಲಿ ನೀಲವ್ವ ಹೊಸ್ತಿಲ ಮೇಲೆ ಬಂದು ಕುಳಿತಳು, ಮುಂದಿನದರಲ್ಲಿ ಫಕ್ಕೀರಪ್ಪ ಬೀದಿಯಲ್ಲಿ ಬಂದು ನಿಂತ. ಮೇಲಿನಿಂದ ನೀರು ಬಂತು.

ಕುಡಿದೆ! ನೂಲುನೂಲಿಗೂ ಕುಡಿದೆ! ಎಷ್ಟೋ ವರ್ಷದ ಮೇಲೆ ಬೆಳಕು ನನ್ನೊಳಗೆ ಕಚಗುಳಿ ಇಡುತ್ತ ಹಾದುಹೋಯಿತು. ಹೊಸ್ತಿಲಿನ ಎದುರಿನ ಖಾಲಿ ಜಾಗದಲ್ಲಿ ಮೆಲ್ಲಗೆ, ನಸುಗೆಂಪಾಗಿ, ಫಕ್ಕೀರಪ್ಪ ಮೂಡಿದ. ಕೈ ಎತ್ತಿದ. "ಏ ನೀಲಾ, ಬಾ, ಮನೀಗಿ ಹೋಗೂಣು."

ನೀಲವ್ವ ಕೋಲು ಬಿಟ್ಟು ಎದ್ದು ನಿಂತಳು. ಬಾಯಿಗೆ ಸೆರಗು ಹೋಯಿತು. ಆಮೇಲೆ ಅಳುತ್ತಲೇ ನಕ್ಕುಬಿಟ್ಟಳು. "ನೋಡ್ರವಾ, ಎಡಗೈಲೆ ಕರೀತಾನ! ನನ್ನ ಕಡೀ ಬಂದ್ರ ಈತನೂ ಎಡಚನ!" ಹತ್ತಿರ ಬಂದು ಒದ್ದೆ ನನ್ನ ಮೇಲೆ, ಅವನ ಕೆನ್ನೆ ಇದ್ದಲ್ಲಿ, ಅಂಗೈ ಇಟ್ಟಳು. "ತಡೀರಿ, ಇನ್ನೂ ಮುಗದಿಲ್ಲ" ಎಂದಳು.

ಚಿತ್ರ ಮುಗಿದು ಬರೀ ಬೆಳಕು ಉಳಿಯಿತು. ಆರಿಸಲು ಹೋದ ದಾದಾಪೀರ ಕೈ ಹಿಂದಕ್ಕೆ ತೆಗೆದ. ಆಮೇಲೆ ಶುರುವಾಯಿತು ನೋಡಿ ಚಪ್ಪಾಳೆ, ಎರಡೂ ಕಡೆಯಿಂದ, ನಡುನಡುವೆ ಸೀನು.

ಈಗ ನನಗೆ ವಯಸ್ಸಾಯಿತು. ಆ ಗಿರಣಿಯ ಮೂಲೆಯ ಟ್ರಂಕಿನಲ್ಲಿರುತ್ತೇನೆ. ಬದಿಯಲ್ಲಿ ಆ ಡಬ್ಬಿ ಕನ್ನಡಕಗಳೂ ಹಳೆಯವಾಗಿ ಬಂದು ಬಿದ್ದಿವೆ, ಪಾಪ. ಆದರೆ ವರ್ಷಕ್ಕೊಮ್ಮೆ ಉತ್ಸವದ ಮೊದಲ ಚಿತ್ರ ನನ್ನ ಮೇಲೆಯೇ. ತಲೆಗೆ ನೀರು ಹಾಕುತ್ತಾರೆ, ಹಿಂದಿನ ಬದಿಯಲ್ಲಿ ಜಾಗಕ್ಕೆ ಜಗಳ ಬೀಳುತ್ತದೆ. ಆಟ ಮುಗಿದು ಹುಡುಗರು ನನ್ನನ್ನು ಬಿಚ್ಚಿ ಮಡಚಲು ಬಂದಾಗ ನಾನೂ ನೀಲವ್ವನ ಹಾಗೆ ಹಟ ಹಿಡಿದು ಗಂಟು ಬಿಗಿ ಮಾಡಿಕೊಳ್ಳುತ್ತೇನೆ. ತಡೀರಿ, ಇನ್ನೂ ಮುಗದಿಲ್ಲ.