ವಶೀಲಿ ಹಚ್ಚಿದ ಔಷಧಿ

ಹುಟ್ಟುವಾಗ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾಗಿದ್ದ ಮೊಮ್ಮಗನನ್ನು ದವಾಖಾನೆಯವರು ಮಿದುಳು ಇನ್ನಷ್ಟು ಕೆಡದಿರಲೆಂದು ಮೂರು ದಿನ ಮೈ ತಂಪು ಮಾಡಿ ಇಟ್ಟಿದ್ದರು. ಜೊತೆಗೆ ಹೊಸ ಔಷಧಿಯೊಂದರ ಪ್ರಯೋಗ: ಅರ್ಧ ಕೂಸುಗಳಿಗೆ ಔಷಧಿ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂಬುದು ಕಂಪ್ಯೂಟರಿಗಷ್ಟೇ ಗೊತ್ತು.

ಕೂಸಿನ ಅಜ್ಜ, ಐನಾಪುರದ ಮುರಗೆಪ್ಪ, ವಶೀಲಿ ಹಚ್ಚದೆ ಮನೆಗೆ ನಳವನ್ನೂ ಹಾಕಿಸಿಕೊಂಡವನಲ್ಲ. “ಆ ಕಂಪ್ಯೂಟರ್ ಯಾರ ಮಾತು ಕೇಳತೈತ್ರಿ?” ಎಂದು ಡಾಕ್ಟರನ್ನು ಕೇಳಿದ.

“ಯಾರ ಮಾತೂ ಕೇಳೂದಿಲ್ರಿ, ಅಜ್ಜಾರ.”

ಆದರೂ ಕೂಸಿಗೆ ಔಷಧಿಯೇ ಸಿಗಲೆಂದು ಮೂವರು ಪುಢಾರಿಗಳಿಂದ ದವಾಖಾನೆಗೆ ಫೋನು ಮಾಡಿಸಿದ.

ಕೂಸು ಚೇತರಿಸಿಕೊಂಡಿತು. ಎರಡು ವರ್ಷ ಮುರಗೆಪ್ಪ ಊರತುಂಬ ಆ ಫೋನುಗಳ ಪ್ರತಾಪ ಹೇಳಿದ. ಆಮೇಲೆ ದವಾಖಾನೆಯಿಂದ ಪತ್ರ ಬಂತು: ಕೂಸಿಗೆ ಕೊಟ್ಟದ್ದು ಉಪ್ಪುನೀರು, ಆ ಔಷಧಿಯಿಂದ ಯಾರಿಗೂ ಗುಣವಾಗಿಲ್ಲ.

ಓದಿ ಹೇಳಿದ ಸೊಸೆ ಸೀಮಾ ನಗು ತಡೆದುಕೊಂಡಳು. ಮುರಗೆಪ್ಪ ಮೀಸೆ ತೀಡಿದ.

“ಮತ್ತ! ಕೆಲಸಕ್ಕ ಬಾರದ ಔಷಧಿ ನಮ್ಮ ಕೂಸಿಗೆ ಹಾಕಬ್ಯಾಡ್ರಿ ಅಂತನ ಫೋನ್ ಹೋಗಿತ್ತು, ಯವ್ವಾ.”